ಒಂದ್ನಿಮಿಷ ಸಾಹೇಬರೂ ಹಾಲಿನ ಮಷೀನೂ

ಯಾರಾದರೂ ಮಾತಾಡಲು ಬಾಯಿ ತೆರೆದರೆ ಸಾಕು, ಅವರು ಬಲಗೈಯ ಅಂಗೈ ಎತ್ತಿ "ಒಂದ್ನಿಮಿಷ" ಎನ್ನುತ್ತಿದ್ದರು. ಮುಖ ಎತ್ತುತ್ತಿರಲಿಲ್ಲ, ಅಂಗೈ ಮಾತ್ರ. ಅದು ಮೇಲೆದ್ದ ಕೂಡಲೇ ಆಫೀಸು, ಮನೆ, ಬೀದಿ, ಬೀದಿಯಾಚೆಗಿನ ಜಗತ್ತು ಎಲ್ಲವೂ ಇದ್ದಲ್ಲೇ ನಿಂತು ತಮ್ಮ ಅಪ್ಪಣೆಗೆ ಕಾಯುತ್ತವೆ ಎಂದು ಅವರು ಮನಸಾರೆ ನಂಬಿದ್ದರು. ಆಫೀಸಿನಲ್ಲಿ ಅವರಿಗೆ 'ಒಂದ್ನಿಮಿಷ ಸಾಹೇಬರು' ಎಂದು ಹೆಸರು ಬಿದ್ದಿತ್ತು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಗೌರವಕ್ಕೆ ಇಟ್ಟದ್ದು ಎಂದುಕೊಂಡು ಖುಷಿಪಟ್ಟಿದ್ದರು. ಮನುಷ್ಯನಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಬೇಕು ನಿಜ, ಆದರೆ ಇಷ್ಟೊಂದು ಇರಬಾರದು.

ಮನೆಯಲ್ಲಿ ಹೆಂಡತಿ ಈ ಅಂಗೈಯ ಜೊತೆ ಬಾಳುವುದನ್ನು ಬೇಗನೆ ಕಲಿತುಕೊಂಡಿದ್ದಳು. ಒಮ್ಮೆ ಗೋಡೆಗೆ ಯಾವ ಬಣ್ಣ ಹೊಡೆಸೋಣ ಎಂದು ಕೇಳಿದಳು. "ಒಂದ್ನಿಮಿಷ" ಎಂದರು. ಸಾಹೇಬರು ಲ್ಯಾಪ್‌ಟಾಪಿನಿಂದ ತಲೆ ಎತ್ತುವಷ್ಟರಲ್ಲಿ ಪೇಂಟರು ಬಂದು, ಹಸಿರು ಹೊಡೆದು, ಏಣಿ ಹೊತ್ತುಕೊಂಡು ಹೋಗಿಯೂ ಆಗಿತ್ತು.

"ನಾನಿನ್ನೂ ಯೋಚನೆ ಮಾಡ್ತಿದ್ದೆನಲ್ಲ!" ಎಂದು ಎಗರಾಡಿದರು.

"ಮಾಡಿ, ಬೇಡ ಅಂದೋರ್ಯಾರು? ಗೋಡೆ ಒಣಗೋವರೆಗೂ ಮಾಡ್ತಾ ಇರಿ" ಎಂದಳು ಅವಳು.

ಇದರಿಂದ ಸಾಹೇಬರಿಗೆ ಬುದ್ಧಿ ಬಂತೇ? ಎಲ್ಲಿಂದ ಬರಬೇಕು! ಹೆಂಗಸರಿಗೆ ತಾಳ್ಮೆ ಇಲ್ಲ ಎಂಬ ಅವರ ಹಳೇ ತೀರ್ಮಾನ ಇನ್ನಷ್ಟು ಗಟ್ಟಿಯಾಯಿತು, ಅಷ್ಟೇ.

ಅವರ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಜಂಭದ ಬೇರು ಎಲ್ಲಿದೆ ಎಂದು ತಿಳಿಯುವುದಿಲ್ಲ. ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಇಡೀ ದಿನ ರಬ್ಬರ್ ವಾಸನೆ ಹೊಡೆಯುವ ಎರಡು ಕೋಣೆಗಳಲ್ಲಿ ಅವರ ಕಂಪನಿ. ಪ್ಯಾಕಿಂಗ್ ಮಷೀನುಗಳನ್ನು ನಡೆಸುವ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಾರೆ. ಆ ಪೆಟ್ಟಿಗೆಯೊಳಗೊಂದು ಆಪರೇಟಿಂಗ್ ಸಿಸ್ಟಂ, ಅದರ ನಟ್ಟನಡುವೆ ಕರ್ನೆಲ್. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಯಾವ ಗಳಿಗೆಯೊಳಗೆ ಮುಗಿಯಲೇಬೇಕು ಎಂದು ಹೇಳುವ ಯಜಮಾನಿಕೆ ಅದರದು. ಇಂಥ ಮಷೀನುಗಳಲ್ಲಿ ಸರಿಯಾದ ಕೆಲಸವೂ ಹೊತ್ತು ಮೀರಿ ಆದರೆ ತಪ್ಪು ಕೆಲಸವೇ. ರಿಯಲ್-ಟೈಮ್ ಎಂದರೆ ಇದೇ. ಕಂಪನಿಯ ಕರ್ನೆಲ್ ಬರೆದವರು ನಮ್ಮ ಸಾಹೇಬರು. ಒಬ್ಬರೇ ಬರೆದರು. ಇದನ್ನು ಅವರು ಮದುವೆ ಮನೆಯಲ್ಲೂ ಹೇಳುತ್ತಿದ್ದರು, ಸಾವಿನ ಮನೆಯಲ್ಲೂ ಹೇಳುತ್ತಿದ್ದರು.

ಬರೆದದ್ದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹಳೇ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಪ್ರೊಸೆಸರ್. ಅದು ನಾಜೂಕಾದ ಏನನ್ನಾದರೂ ಬರೆಯುತ್ತಿರುವಾಗ ನಡುವೆ ಯಾರೂ ಬಂದು ಕೈ ಹಿಡಿದು ಎಳೆಯಬಾರದು. ಅದಕ್ಕೆ ಸಾಹೇಬರು ಮಾಡಿದ ಉಪಾಯ ಎರಡೇ ಸಾಲಿನದು. ಮೊದಲು ಇಂಟರಪ್ಟ್ ಮುಚ್ಚು, ಅಂದರೆ ಹೊರಗಿನ ಯಾವ ಕರೆಗೂ ಓಗೊಡಬೇಡ. ಬರೆದು ಮುಗಿದ ಮೇಲೆ ಇಂಟರಪ್ಟ್ ತೆರೆ. ಓಡುವವನು ಒಬ್ಬನೇ ಆದ್ದರಿಂದ ಅವನು ಕಿವಿ ಮುಚ್ಚಿಕೊಂಡರೆ ಇಡೀ ಪೆಟ್ಟಿಗೆಯೇ ನಿಂತಂತೆ. ವರ್ಷಾನುಗಟ್ಟಲೆ ಈ ಎರಡು ಸಾಲು ಕೂದಲೆಳೆಯಷ್ಟೂ ತಪ್ಪದೆ ನಡೆದವು. ಸಾಹೇಬರಿಗೆ ಕೊಂಬು ಮೂಡಿದ್ದು ಹೀಗೆ.

ಆಮೇಲೆ ಮಾಲೀಕರು ಹೊಸ ಪೆಟ್ಟಿಗೆ ತಂದರು. ಅದರಲ್ಲಿ ಎರಡು ಪ್ರೊಸೆಸರ್. ಎರಡೂ ಒಟ್ಟಿಗೆ ಓಡುತ್ತವೆ, ಒಂದೇ ಕಡೆ ಓದುತ್ತವೆ, ಒಂದೇ ಕಡೆ ಬರೆಯುತ್ತವೆ. ಸಾಹೇಬರು ತಮ್ಮ ಹಳೇ ಎರಡು ಸಾಲುಗಳನ್ನು ಹಾಗೆಯೇ ಎತ್ತಿ ಹೊಸ ಪೆಟ್ಟಿಗೆಗೆ ಹಾಕಿದರು. ಎದುರು ಮೇಜಿನವಳು, ಎಂದರೆ ಅವರ ಕೈಕೆಳಗೆ ಕೋಡ್ ನೋಡಿಕೊಳ್ಳುವ ಎಂಜಿನಿಯರ್, ಅದನ್ನು ಓದಿ ಅವರ ಮೇಜಿನ ಬಳಿಗೆ ಬಂದಳು.

"ಸರ್, ಈ ಪ್ರೊಸೆಸರ್‌ನಲ್ಲಿ ಇಂಟರಪ್ಟ್ ಮುಚ್ಚಿದ್ರೆ ಆ ಪ್ರೊಸೆಸರ್‌ಗೆ ಏನೂ ಆಗಲ್ಲ. ಅದು ಅದರ ಪಾಡಿಗೆ ಓದ್ತಾನೇ ಇರತ್ತೆ. ಇಲ್ಲೊಂದು ಲಾಕ್ ಬೇಕು."

"ಒಂದ್ನಿಮಿಷ."

ಅವಳು ನಿಂತಳು. ಟೀ ಲೋಟದ ಮೇಲೆ ಕೆನೆ ಕಟ್ಟಿತು. ಕೊನೆಗೆ ಅಂಗೈ ಇಳಿಯಿತು.

"ಲಾಕ್ ಅಂದ್ರೇನು? ಒಬ್ಬ ಒಳಗಿರೋವಾಗ ಇನ್ನೊಬ್ಬ ಬಾಗಿಲಲ್ಲಿ ನಿಂತು ಕಾಯೋದು. ನಿಂತು ಕಾಯೋಕಾ ನಾವು ರಿಯಲ್-ಟೈಮ್ ಮಾಡ್ತಿರೋದು?"

"ಎಷ್ಟು ಕಾಯ್ಬೇಕಾಗತ್ತೆ ಅಂತ ಮೊದಲೇ ಹೇಳ್ಬಹುದು ಸರ್. ಎರಡು ಸಾಲು ಬರೆಯೋಷ್ಟು ಹೊತ್ತು, ಅಷ್ಟೇ."

"ನೋಡಮ್ಮಾ, ಬರೆಯೋಕೆ ಬರದೇ ಇರೋರು ಲಾಕ್ ಹಾಕ್ತಾರೆ. ನಾನು ಬರೀತೀನಿ."

ಸುತ್ತಲಿನವರು ಕಿಸಕ್ಕನೆ ನಕ್ಕರು. ಅವಳು ತನ್ನ ಜಾಗಕ್ಕೆ ಹೋಗಿ ಕುಳಿತಳು, ಮತ್ತೆ ಆ ವಿಷಯಕ್ಕೆ ಬಾಯಿ ಹಾಕಲಿಲ್ಲ. ಸರಿಯಾದ ಮಾತನ್ನು ಒಂದು ಸಲ ಹೇಳಿ ಕೈ ತೊಳೆದುಕೊಳ್ಳುವವರ ಮೇಲೂ ಹೆಚ್ಚು ಗೌರವ ಬೇಕಾಗಿಲ್ಲ. ನಕ್ಕವರ ಸುದ್ದಿಯಂತೂ ಬೇಡವೇ ಬೇಡ.

ಹೊಸ ಪೆಟ್ಟಿಗೆ ಮೊದಲು ಹೋದದ್ದು ಊರಾಚೆಯ ಡೈರಿಗೆ, ಹಾಲಿನ ಪ್ಯಾಕೆಟ್ ಮಾಡುವ ಮಷೀನಿಗೆ. ಆ ಮಷೀನು ನೋಡಿಕೊಳ್ಳುತ್ತಿದ್ದವಳು ಸಾಹೇಬರ ಸ್ವಂತ ಅಕ್ಕ.

ಅಕ್ಕನಿಗೂ ತಮ್ಮನಿಗೂ ವಯಸ್ಸಿನಲ್ಲಿ ತುಂಬಾ ಅಂತರ. ಅವನ ಮಗ್ಗಿ ತಪ್ಪಿದಾಗ ಕಿವಿ ಹಿಂಡಿದವಳು ಅವಳೇ. ತಾವು ಎಲ್ಲವನ್ನೂ ತಾವಾಗಿಯೇ ಕಲಿತದ್ದು ಎಂದು ಸಾಹೇಬರು ಹೇಳಿಕೊಳ್ಳುವಾಗ ಆ ಕಿವಿಯ ಸುದ್ದಿ ಬರುತ್ತಿರಲಿಲ್ಲ. ಅಕ್ಕ ಸಾಧು ಪ್ರಾಣಿಯೇನಲ್ಲ. ದೊಡ್ಡ ಬಾಯಿ, ದೊಡ್ಡ ನಗು. ಡೈರಿಯಲ್ಲಿ ಯಾರ ಮನೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದು ಅವಳಿಗೆ ತಿಳಿಯದೆ ಇರುತ್ತಿರಲಿಲ್ಲ. ಮಷೀನಿನ ಮುಂದೆ ನಿಂತರೆ ಮಾತ್ರ ಬೇರೆಯೇ ಹೆಂಗಸು. ಹಾಳೆಯ ಸುರುಳಿ ಸರಿಯುವ ಸದ್ದಿನಲ್ಲಿ ಒಂಚೂರು ಬದಲಾವಣೆಯಾದರೆ ಮಾತಿನ ನಡುವೆಯೇ ಕೈ ಅಲ್ಲಿಗೆ ಹೋಗಿರುತ್ತಿತ್ತು. ಎಲ್ಲರೂ ಅವಳನ್ನು ಮಷೀನ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಆ ಹೆಸರು ಇಷ್ಟ. ಅದನ್ನು ಬಿಟ್ಟು ಅವಳಿಗೆ ಬೇರೆ ಪದವಿ ಪಟ್ಟ ಏನೂ ಇರಲಿಲ್ಲ.

ಹೊಸ ಪೆಟ್ಟಿಗೆ ಬಂದ ದಿನ ಅವಳು ನೆಲದ ಮೇಲೆ ನಿಲ್ಲಲಿಲ್ಲ. ಸೆರಗಿನಿಂದ ಅದರ ಮುಖ ಒರೆಸಿ, ಕ್ರೇಟ್ ಹೊರುವವರನ್ನೆಲ್ಲ ಕರೆದು ತೋರಿಸಿದಳು.

"ಇದರೊಳಗೆ ಕೂತು ಓಡಿಸ್ತಿರೋನು ನನ್ ತಮ್ಮ ಕಣ್ರೋ! ಅವನ ತಲೆ ಇದು."

ಹಾಲಿನ ಪ್ಯಾಕೆಟ್ ಆಗುವ ಬಗೆ ಸರಳ. ಸುರುಳಿಯಿಂದ ಇಳಿದ ಪ್ಲಾಸ್ಟಿಕ್ ಹಾಳೆ ಕೊಳವೆಯಾಗುತ್ತದೆ. ದವಡೆಯ ಹಾಗೆ ಎರಡು ಬಿಸಿ ಪಟ್ಟಿಗಳು ಬಂದು ಅದರ ತಳವನ್ನು ಕಚ್ಚಿ ಬೆಸೆಯುತ್ತವೆ. ಆಮೇಲೆ ಮೇಲಿನ ವಾಲ್ವ್ ತೆರೆದು ಹಾಲು ಬೀಳುತ್ತದೆ. ದವಡೆ ಮೊದಲು, ಹಾಲು ಆಮೇಲೆ. ಹೊಸ ಪೆಟ್ಟಿಗೆಯಲ್ಲಿ ದವಡೆಯ ಕೆಲಸ ಒಂದು ಪ್ರೊಸೆಸರಿನದು, ವಾಲ್ವಿನ ಕೆಲಸ ಇನ್ನೊಂದರದು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತಳವೇ ಇಲ್ಲದ ಕೊಳವೆಗೆ ವಾಲ್ವ್ ತೆರೆದುಕೊಂಡಿತು. ಹಾಲು ದಬದಬನೆ ನೆಲಕ್ಕೆ ಸುರಿಯಿತು. ಮತ್ತೆ ನೂರಾರು ಪ್ಯಾಕೆಟ್ ಅಚ್ಚುಕಟ್ಟಾಗಿ ಬಂದವು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಲ ಸುರಿಯಿತು. ಇದಕ್ಕೊಂದು ಹೊತ್ತಿಲ್ಲ, ಗೊತ್ತಿಲ್ಲ. ಕೆಲವು ದಿನ ಏನೂ ಇಲ್ಲ, ಕೆಲವು ದಿನ ನೆಲವೆಲ್ಲ ಬೆಳ್ಳಗೆ. ಡೈರಿಯ ಸೂಪರ್‌ವೈಸರ್, ರಬ್ಬರ್ ಬೂಟು ಹಾಕಿಕೊಂಡು ಸದಾ ಮೂಗು ಸೇದುವ ಮನುಷ್ಯ, ಆ ಹಾಲಿನಲ್ಲಿ ಜಾರಿ ಒಮ್ಮೆ ಕುಂಡೆ ಊರಿದ ಮೇಲೆ ವಿಷಯ ಗಂಭೀರವಾಯಿತು.

"ಪೆಟ್ಟಿಗೇಲೇ ಏನೋ ಐಬಿದೆ" ಎಂದರು ಕ್ರೇಟ್ ಹೊರುವವರು.

"ಬಾಯಿ ತೊಳ್ಕೊಂಡು ಮಾತಾಡ್ರೋ" ಎಂದು ಅಕ್ಕ ಅವರ ಮೇಲೆ ಹರಿಹಾಯ್ದಳು. "ಅದು ನನ್ ತಮ್ಮ ಬರೆದದ್ದು. ಅವನು ಚಿಕ್ಕೋನಿದ್ದಾಗಿಂದ ಒಂದು ಲೆಕ್ಕ ತಪ್ಪಿದೋನಲ್ಲ."

ಮಗ್ಗಿಗೆ ಕಿವಿ ಹಿಂಡಿದವಳೇ ಹೀಗೆಂದಳು. ಪೆಟ್ಟಿಗೆಯ ತಪ್ಪಲ್ಲ ಎಂದು ಊರಿಗೆಲ್ಲ ಕೂಗಿ ಹೇಳಿದರೆ ಉಳಿಯುವುದು ತನ್ನ ಎರಡು ಕೈಗಳೇ ಎಂಬುದು ಅವಳಿಗೆ ಹೊಳೆಯಲಿಲ್ಲ. ಸೂಪರ್‌ವೈಸರಿಗೆ ಬೇಗ ಹೊಳೆಯಿತು.

"ಸರಿ ಅಕ್ಕ, ಈ ತಿಂಗಳು ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ನೀವು ಕೆಳಗೆ ಕ್ರೇಟ್ ಕಡೆ ಹೋಗಿ, ಇಲ್ಲಿಗೆ ಬೇರೆಯವರನ್ನ ಹಾಕ್ತೀನಿ" ಎಂದ.

ಕೆಳಗೆ ಎಂದರೆ ನೆಲಮಾಳಿಗೆ. ಖಾಲಿ ಕ್ರೇಟುಗಳನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜುವ ಜಾಗ. ಹಬೆಯಲ್ಲಿ ಎದುರಿಗಿದ್ದವರ ಮುಖ ಕಾಣುವುದಿಲ್ಲ, ನೀರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಮಾತೇ ಉಸಿರಾದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು. ಅಲ್ಲಿಗೆ ಇಳಿದವರು ಮತ್ತೆ ಮಷೀನಿಗೆ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ.

ಕಂಪನಿಯಿಂದ ತನಿಖೆಗೆ ಬಂದವರು ಸ್ವತಃ ಸಾಹೇಬರು. ಅಕ್ಕನನ್ನು ನೋಡಿ ತಲೆಯಾಡಿಸಿದರು; ಕೆಲಸದ ಜಾಗದಲ್ಲಿ ಅದಕ್ಕಿಂತ ಹೆಚ್ಚಿನ ಸಲುಗೆ ಅವರಿಗೆ ಸೇರದು. ಲ್ಯಾಪ್‌ಟಾಪ್ ಬಿಚ್ಚಿ, ಅದರಿಂದ ಪೆಟ್ಟಿಗೆಗೊಂದು ಕೇಬಲ್ ಸಿಕ್ಕಿಸಿದರು. ಕರ್ನೆಲ್ ಒಳಗೆ ಏನೇನು ನಡೆಯುತ್ತಿದೆ ಎಂದು ಕ್ಷಣ ಕ್ಷಣವೂ ವರದಿ ಮಾಡುವ ಕೇಬಲ್ ಅದು. ಮಷೀನು ಓಡಿತು. ಇಡೀ ಬೆಳಿಗ್ಗೆ ಓಡಿತು. ಒಂದು ತೊಟ್ಟು ಹಾಲು ನೆಲಕ್ಕೆ ಬೀಳಲಿಲ್ಲ. ಸಾಹೇಬರು ಕೇಬಲ್ ಸುತ್ತಿಟ್ಟುಕೊಂಡು, ಸೂಪರ್‌ವೈಸರ್ ಮತ್ತು ಅರ್ಧ ಡೈರಿಯ ಎದುರಿನಲ್ಲಿ ತೀರ್ಪು ಕೊಟ್ಟರು.

"ನಮ್ಮ ಕಡೆ ಏನೂ ದೋಷ ಇಲ್ಲ. ಹಾಳೆ ಹಾಕೋ ಕೈ ನೋಡ್ಕೊಳ್ಳಿ."

ಕೈ ಅಲ್ಲೇ ಇತ್ತು, ಹಾಳೆಯ ಸುರುಳಿಯ ಮೇಲೆ. ಅಕ್ಕ ಅದನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಆದರೂ ಹೌದೆಂಬಂತೆ ತಲೆಯಾಡಿಸಿದಳು, ಪುಣ್ಯಾತ್ಗಿತ್ತಿ! ತಮ್ಮ ಹೇಳಿದ ಮೇಲೆ ಇನ್ನೇನು?

ಇನ್ನೊಮ್ಮೆ ಕರೆದಾಗಲೂ ಇದೇ ಕಥೆ. ಕೇಬಲ್ ಸಿಕ್ಕಿಸಿದರು, ಮಷೀನು ಒಳ್ಳೆಯ ಹುಡುಗನಂತೆ ನಡೆದುಕೊಂಡಿತು, ಅದೇ ತೀರ್ಪು ಕೊಟ್ಟು ಬಂದರು. ವರದಿ ಮಾಡುವುದೂ ಒಂದು ಕೆಲಸ, ಆ ಕೆಲಸ ಹೆಗಲಿಗೆ ಬಿದ್ದಾಗ ವಾಲ್ವಿನ ಪ್ರೊಸೆಸರ್ ಕೂದಲೆಳೆಯಷ್ಟು ತಡವಾಗುತ್ತದೆ, ತಡವಾದ್ದರಿಂದಲೇ ದವಡೆಯ ಪ್ರೊಸೆಸರ್ ಬರೆದು ಮುಗಿಸಿದ ಮೇಲೆ ಓದಿ ಬಚಾವಾಗುತ್ತದೆ ಎಂಬುದು ಸಾಹೇಬರಿಗೆ ತೋಚಲಿಲ್ಲ. ಆಫೀಸಿನ ಪರೀಕ್ಷೆಗಳಲ್ಲೂ ಆ ಕೇಬಲ್ ಸದಾ ಸಿಕ್ಕಿಸಿಯೇ ಇರುತ್ತಿತ್ತು. ತಾವು ನೋಡುತ್ತಿರುವಾಗ ಎಲ್ಲವೂ ಸರಿ ಇದ್ದರೆ ತಾವು ನೋಡದಿರುವಾಗಲೂ ಸರಿಯೇ ಇರುತ್ತದೆ ಎಂದುಕೊಳ್ಳುವುದಕ್ಕೆ ಬಹಳ ಓದಿರಬೇಕು.

ಮೂರನೆಯ ಸಲ ಹೋದಾಗ ಸಾಹೇಬರು ಕೇಬಲನ್ನು ಕಾರಿನಲ್ಲೇ ಮರೆತಿದ್ದರು. ತಂದರಾಯಿತು ಎಂದು ಮಷೀನಿನ ಪಕ್ಕ ನಿಂತು ಅಕ್ಕನ ಬಳಿ ಭಾವನ ಮಂಡಿನೋವಿನ ಸುದ್ದಿ ಕೇಳುತ್ತಿದ್ದರು. ಸೂಪರ್‌ವೈಸರ್ ಇನ್ನೂ ಬಂದಿರಲಿಲ್ಲ. ಅಕ್ಕ ಎರಡೂ ಕೈ ಎದೆಗೆ ಕಟ್ಟಿಕೊಂಡು, "ಡಾಕ್ಟ್ರು ನಡೀಬೇಡಿ ಅಂದಿದ್ದಾರೆ, ಇವರು ಕೂತ್ಕೋತಾರಾ…" ಎನ್ನುತ್ತಿದ್ದಳು. ಅಷ್ಟರಲ್ಲಿ ವಾಲ್ವ್ ತೆರೆಯಿತು. ತಳವಿಲ್ಲದ ಕೊಳವೆಯಿಂದ ಹಾಲು ಇಳಿದು ಸಾಹೇಬರ ಬೂಟಿನೊಳಗೇ ಹೋಯಿತು.

ಅಕ್ಕನ ಕೈಗಳು ಇನ್ನೂ ಎದೆಯ ಮೇಲೆಯೇ ಇದ್ದವು. ಅವರು ಅವನ್ನು ನೋಡಿದರು. ಅವಳೂ ನೋಡಿಕೊಂಡಳು.

"ಅಯ್ಯೋ, ನಿನ್ನ ಬೂಟು! ನಾನೇ ಏನೋ ಮಾಡಿರ್ಬೇಕು ಕಣೋ, ಹಾಳೆ ಬಿಗಿಯಾಯ್ತೇನೋ" ಎಂದು ಬಗ್ಗಿ ಸೆರಗಿನಿಂದ ಒರೆಸಲು ಹೋದಳು.

"ಇರ್ಲಿ ಬಿಡು ಅಕ್ಕ" ಎಂದರು. ಕಾರಿಗೆ ಹೋಗಿ ಕೇಬಲ್ ತಂದು ಸಿಕ್ಕಿಸಿದರು. ಮಷೀನು ಸರಿಯಾಗಿ ನಡೆಯಿತು. ಸೂಪರ್‌ವೈಸರ್ ಮೂಗು ಸೇದುತ್ತಾ ಬಂದಾಗ, "ಇವತ್ತೂ ಏನೂ ಕಾಣ್ತಿಲ್ಲ" ಎಂದರು.

ಇಲ್ಲಿಯವರೆಗೆ ಅವರು, ಸಾಹೇಬರು ಎಂದು ಬಹುವಚನ ಹಚ್ಚಿದ್ದಾಯಿತು. ಇನ್ನು ಅದು ಸಾಕು.

ಆಫೀಸಿಗೆ ಬಂದವನು ಒದ್ದೆ ಬೂಟಿನಲ್ಲೇ ಕುಳಿತು ತನ್ನ ಎರಡು ಸಾಲುಗಳನ್ನು ತೆರೆದ. ಓದುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಸ ಪ್ಯಾಕೆಟ್ ಶುರುವಾದಾಗ ದವಡೆಯ ಪ್ರೊಸೆಸರ್ ಎರಡು ವಿಷಯ ಬರೆಯುತ್ತದೆ: ಮೊದಲು ಇದು ಎಷ್ಟನೇ ಪ್ಯಾಕೆಟ್ ಎಂದು, ಆಮೇಲೆ ಇದರ ತಳ ಇನ್ನೂ ಬೆಸೆದಿಲ್ಲ ಎಂದು. ಬರೆಯುವಾಗ ತನ್ನ ಕಿವಿ ಮುಚ್ಚಿಕೊಂಡಿರುತ್ತದೆ. ಮುಚ್ಚಿಕೊಳ್ಳಲಿ, ಪಕ್ಕದ ಪ್ರೊಸೆಸರಿಗೇನು? ಅದು ಆ ಎರಡು ಬರಹಗಳ ನಡುವಿನ ಸಂದಿಯಲ್ಲಿ ಬಂದು ಓದಿದರೆ ಅದಕ್ಕೆ ಸಿಗುವುದು ಹೊಸ ಪ್ಯಾಕೆಟ್ಟಿನ ಸಂಖ್ಯೆ, ಹಳೇ ಪ್ಯಾಕೆಟ್ಟಿನ ತಳ. ಬೆಸೆದಾಗಿದೆ ಎಂದುಕೊಂಡು ಹಾಲು ಬಿಡುತ್ತದೆ. ಎದುರು ಮೇಜಿನವಳು ಇದನ್ನೇ ಹೇಳಿದ್ದಳು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ.

ಆ ಒಂದು ಗಳಿಗೆ ಅವನು ಮನುಷ್ಯನಾಗಿದ್ದ. ಅಕ್ಕನ ಕೈ ಸೆರಗಿನೊಳಗೆ ಹೋದದ್ದು ನೆನಪಾಯಿತು. ಫೋನ್ ಎತ್ತಿಕೊಂಡ. ಆಮೇಲೆ ಯೋಚನೆ ಮಾಡಿದ. ಯೋಚನೆ ಮಾಡಿದ್ದೇ ಕೆಟ್ಟಿತು.

ತುರ್ತಾಗಿ ತಿದ್ದುಪಡಿ ಕಳಿಸಬಹುದು, ಮರುದಿನವೇ ಡೈರಿಗೆ ಹೋಗುತ್ತದೆ. ಆದರೆ ಕಂಪನಿಯಲ್ಲಿ ತುರ್ತು ತಿದ್ದುಪಡಿ ಎಂದರೆ ಬೆಳಗಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು, ಏನು ತಪ್ಪಾಗಿತ್ತು, ಯಾರಿಂದ ತಪ್ಪಾಗಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಮಾಲೀಕರು ಕೇಳುತ್ತಾರೆ. ಕಿಸಕ್ಕನೆ ನಗುವವರು ಕೇಳುತ್ತಾರೆ. ಎದುರು ಮೇಜಿನವಳು ಏನೂ ಹೇಳದೆ ಕೇಳುತ್ತಾಳೆ. ಅದನ್ನು ನೆನೆದೇ ಅವನ ಕಿವಿ ಕೆಂಪಾದವು. ಇನ್ನೊಂದು ದಾರಿ ಇತ್ತು. ಮಾಮೂಲಿ ಅಪ್‌ಡೇಟ್ ಮುಂದಿನ ತಿಂಗಳ ಆರಂಭದಲ್ಲಿ ಎಲ್ಲ ಪೆಟ್ಟಿಗೆಗಳಿಗೂ ಹೋಗುತ್ತದೆ. ನೂರು ಸಣ್ಣಪುಟ್ಟ ಬದಲಾವಣೆಗಳ ನಡುವೆ ಇದೂ ಒಂದಾಗಿ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಾಲು ಸೋರುವುದು ನಿಲ್ಲುತ್ತದೆ. ಅಕ್ಕನಿಗೂ ಒಳ್ಳೆಯದಾಗುತ್ತದೆ. ಸ್ವಲ್ಪ ದಿನದ ಮಾತು.

ಅಕ್ಕನಿಗೂ ಒಳ್ಳೆಯದಾಗುತ್ತದಂತೆ! ಇಂಥವರು ತಮ್ಮ ಮಾನ ಉಳಿಸಿಕೊಳ್ಳುವಾಗಲೂ ಬೇರೆಯವರಿಗೆ ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡೇ ಮಾಡುತ್ತಾರೆ. ಅವನು ಲಾಕ್ ಹಾಕಿದ. ಚೆನ್ನಾಗಿಯೇ ಹಾಕಿದ. ಒಂದು ಪ್ರೊಸೆಸರ್ ಬರೆದು ಮುಗಿಸುವವರೆಗೆ ಇನ್ನೊಂದು ಬಾಗಿಲಲ್ಲಿ ಕಾಯುವಂತೆ, ಆ ಕಾಯುವಿಕೆ ಯಾವ ಕೆಲಸದ ಹೊತ್ತನ್ನೂ ಮೀರಿಸದಂತೆ ಹಾಕಿದ. ಬದಲಾವಣೆಗೆ 'ವೇಗದ ಸುಧಾರಣೆ' ಎಂದು ಹೆಸರು ಕೊಟ್ಟ.

"ಲಾಕ್ ಹಾಕಿದೀರಾ ಸರ್?" ಎಂದಳು ಎದುರು ಮೇಜಿನವಳು, ಪರದೆ ನೋಡುತ್ತಾ.

"ವೇಗಕ್ಕೆ."

"ಲಾಕ್‌ನಿಂದ ವೇಗಾನಾ?"

"ಒಂದ್ನಿಮಿಷ" ಎಂದು ಅಂಗೈ ಎತ್ತಿದ. ಅವಳು ಹುಬ್ಬು ಹಾರಿಸಿ, ಸರಿ ಎಂದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕೆಂಬ ಕಂಪನಿಯ ನಿಯಮದಂತೆ ಒಪ್ಪಿಗೆಯ ಗುಂಡಿ ಒತ್ತಿದಳು. ಡೈರಿಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ತಿಂಗಳ ಕೊನೆ ಹತ್ತಿರ ಬಂದಾಗ ಅಕ್ಕ ಫೋನ್ ಮಾಡಿದಳು. ಅವಳು ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುವವಳು. ಅವತ್ತು ದನಿ ಮೇಲೇಳಲಿಲ್ಲ.

"ನೀನೊಂದು ಮಾತು ಹೇಳೋ ಅವರಿಗೆ. ಇನ್ನೊಂದು ತಿಂಗಳು ಇಟ್ಕೊಳ್ಳಿ ಅಂತ. ನಿನ್ನ ಮಾತು ಕೇಳ್ತಾರೆ."

"ನಾನು ಹೇಳಿದ್ರೆ ಚೆನ್ನಾಗಿರಲ್ಲ ಅಕ್ಕ. ಅಕ್ಕನ ಪರವಾಗಿ ಬಂದ ಅಂತಾರೆ. ಹೇಗೋ ಸ್ವಲ್ಪ ದಿನ ತಳ್ಳು."

"ಹಂಗಂತೀಯಾ?"

"ಹೂಂ."

"ಸರಿ ಬಿಡು. ನಿನ್ನ ಹೆಸರಿಗೆ ಯಾಕೆ ತೊಂದ್ರೆ" ಎಂದಳು.

ಒಂದು ಮಾತು. 'ತಪ್ಪು ನಮ್ಮದು' ಎಂಬಷ್ಟು ಉದ್ದದ ಮಾತು. ಸಭೆಯಲ್ಲೂ ಬೇಡ, ಸೂಪರ್‌ವೈಸರಿನ ಕಿವಿಯಲ್ಲಿ ಹೇಳಿದ್ದರೂ ಆಗುತ್ತಿತ್ತು. ಆ ನಾಲಿಗೆಗೆ ಅದು ಭಾರವಾಯಿತು. ತನ್ನ ಕರ್ನೆಲ್ಲಿನ ಬಗ್ಗೆ ಗಂಟೆಗಟ್ಟಲೆ ಆಡಿದ ನಾಲಿಗೆ ಅದು.

ತಿಂಗಳು ಮುಗಿಯಿತು. ಅಕ್ಕನನ್ನು ನೆಲಮಾಳಿಗೆಗೆ ಕಳಿಸಿದರು. ಮಷೀನಿನ ಮುಂದೆ ಬೇರೊಬ್ಬಳು ಬಂದು ನಿಂತಳು. ಅದೇ ವಾರ ಮಾಮೂಲಿ ಅಪ್‌ಡೇಟೂ ಹೋಯಿತು.

ಹಾಲು ಸೋರುವುದು ನಿಂತಿತು. ಒಂದು ದಿನವಲ್ಲ, ಎರಡು ದಿನವಲ್ಲ, ಪೂರ್ತಿಯಾಗಿ ನಿಂತಿತು. ನೆಲ ಒರೆಸುವವಳಿಗೆ ಕೆಲಸವೇ ಇಲ್ಲದಂತಾಯಿತು. ಮಷೀನ್ ಅಕ್ಕ ಹೋದಳು, ಸೋರುವುದು ನಿಂತಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಪೆಟ್ಟಿಗೆಯಲ್ಲಿ ಐಬಿದೆ ಎಂದಿದ್ದ ಕ್ರೇಟ್ ಹೊರುವವರೇ, "ವಯಸ್ಸಾಗಿತ್ತು ಬಿಡಿ, ಪಾಪ" ಎಂದರು. ಅಲ್ಲಿಯವರೆಗೆ ಅವಳ ತಪ್ಪು ಒಂದು ಅನುಮಾನವಾಗಿತ್ತು. ತಮ್ಮನ ಲಾಕ್ ಬಿದ್ದ ಮೇಲೆ ಅದು ಖಚಿತವಾಯಿತು.

ಸೂಪರ್‌ವೈಸರ್ ಫೋನ್ ಮಾಡಿದ. "ನೀವು ಮೊದಲ್ನೇ ದಿನಾನೇ ಹೇಳಿದ್ರಿ ಸರ್, ಕೈ ನೋಡಿ ಅಂತ. ನಾವೇ ತಡ ಮಾಡಿದ್ವಿ. ಸ್ವಂತ ಅಕ್ಕ ಅಂತಾನೂ ನೋಡ್ದೆ ಹೇಳಿದ್ರಲ್ಲ, ನಿಮ್ಮಂಥೋರು ಎಲ್ಲಿ ಸಿಗ್ತಾರೆ!"

"ಕೆಲಸದ ವಿಷಯದಲ್ಲಿ ನಾನು ಹಾಗೇ" ಎಂದ ಅವನು. ಫೋನ್ ಇಟ್ಟ. ಆಮೇಲೆ ಊಟಕ್ಕೆ ಹೋದ.

ಭಾನುವಾರ ಬೆಳಿಗ್ಗೆ ಹೆಂಡತಿ ದಬಾಯಿಸಿ ಕಳಿಸಿದ್ದಕ್ಕೆ ಅಕ್ಕನ ಮನೆಗೆ ಹೋದ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಭಾವ ಒಳಕೋಣೆಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದ. ಅಕ್ಕ ಕಾಫಿ ಕೊಟ್ಟಳು. ಕೊಡುವಾಗ ಅವನು ಅವಳ ಬೆರಳುಗಳನ್ನು ನೋಡಿದ. ಸೋಡಾ ನೀರಿಗೆ ತುದಿಗಳು ಬಿಳಿಚಿ ಒಡೆದಿದ್ದವು.

"ಮಷೀನು ಚೆನ್ನಾಗಿ ನಡೀತಿದೆಯಂತಲ್ಲ" ಎಂದಳು.

"ಹೂಂ. ಹಾಗಂದ್ರು."

"ನನಗೆ ಒಂದೇ ಭಯ ಇತ್ತು ಕಣೋ, ನಿನ್ನ ಪೆಟ್ಟಿಗೆ ಮೇಲೆ ಮಾತು ಬರತ್ತೇನೋ ಅಂತ. ಬರ್ಲಿಲ್ಲ. ಅಷ್ಟು ಸಾಕು."

ಅವನು ಕಾಫಿ ಕುಡಿದ. ಬಿಸಿ ಇತ್ತು, ಆದರೂ ಒಂದೇ ಗುಟುಕಿಗೆ ಕುಡಿದ.

"ಮೊದಮೊದಲು ನನಗೆ ನಂಬಿಕೆ ಬರ್ಲಿಲ್ಲ, ನಿಜ ಹೇಳ್ತೀನಿ. ಆ ದಿನ ನಿನ್ನ ಬೂಟಿನ ಮೇಲೆ ಬಿತ್ತಲ್ಲ, ಅವತ್ತು ನಾನು ಕೈ ಕಟ್ಕೊಂಡೇ ನಿಂತಿದ್ದೆ ಅನ್ಸತ್ತೆ. ಆದ್ರೆ ಹೊಸಬಳು ಬಂದ ಮೇಲೆ ಒಂದು ತೊಟ್ಟೂ ಬಿದ್ದಿಲ್ವಲ್ಲ. ಅಂದ್ಮೇಲೆ ನಂದೇ. ನನಗೇ ಗೊತ್ತಾಗ್ದಂಗೆ ಏನೋ ಮಾಡ್ತಿದ್ದೆ." ಅವಳು ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು. "ನಿನಗೆ ಗೊತ್ತಿರತ್ತೆ. ಅದೊಂದು ಹೇಳ್ಬಿಡು. ನಾನು ಏನು ತಪ್ಪು ಮಾಡ್ತಿದ್ದೆ? ಇಷ್ಟು ವರ್ಷ ಆಗ್ದೆ ಇದ್ದದ್ದು ಈಗೇನು ಬಂತು ಅಂತ ಒಂದೇ ಸಮನೆ ತಲೆ ತಿಂತಾ ಇದೆ. ತಿಳ್ಕೊಂಡ್ರೆ ಸಮಾಧಾನ."

ಇನ್ನೂ ಸಮಯವಿತ್ತು. ಬೇರೆ ಯಾರೂ ಇರಲಿಲ್ಲ. ಮಾಲೀಕರಿಲ್ಲ, ಸಭೆಯಿಲ್ಲ, ನಗುವವರಿಲ್ಲ. ಇದ್ದವಳು ಅಕ್ಕ ಒಬ್ಬಳೇ, ಅವಳೂ ಬೈಯುವವಳಲ್ಲ. ಹೇಳಿದ್ದರೆ ಬಹುಶಃ ಅವಳೇ ಅವನನ್ನು ಸಮಾಧಾನ ಮಾಡುತ್ತಿದ್ದಳು.

ಅವನು ಲೋಟ ಕೆಳಗಿಟ್ಟ.

"ನೀನು ಹಾಳೆ ಎಳೆಯೋವಾಗ ಎಡಗೈ ಸ್ವಲ್ಪ ಮೇಲೆ ಹಿಡೀತಿದ್ದೆ ಅಕ್ಕ" ಎಂದ. "ಹೊಸ ಮಷೀನ್‌ಗೆ ಅದು ಆಗಲ್ಲ. ಕೆಳಗೆ ಹಿಡಿದು ಸಡಿಲ ಬಿಡ್ಬೇಕಿತ್ತು."

"ಎಡಗೈಯಾ?" ಅಕ್ಕನ ಮುಖ ಬಿಚ್ಚಿಕೊಂಡಿತು. ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿ 'ಇಲ್ಲೇ ಇತ್ತಲ್ಲ' ಎನ್ನುವವಳ ಮುಖ. ಎದ್ದು ಒಲೆಯ ಮುಂದೆ ನಿಂತಳು. ಒಡೆದ ಬೆರಳುಗಳನ್ನು ಗಾಳಿಯಲ್ಲಿ ಚಾಚಿ, ಇಲ್ಲದ ಹಾಳೆಯನ್ನು ಇಲ್ಲದ ಸುರುಳಿಯಿಂದ ಎಳೆದಳು. ಎಡಗೈಯನ್ನು ಒಂದಿಷ್ಟು ಕೆಳಗಿಳಿಸಿದಳು.

"ಹಿಂಗಾ?"

ಅವನು ನೋಡಿದ.

"ಇನ್ನೂ ಸ್ವಲ್ಪ ಕೆಳಗೆ" ಎಂದ.